ಗೋಡೆ ತುಂಬ ಫೋಮ್ ಅಂಟಿಸಿದರೂ ಒಂದೇ ಸ್ವರ ಗುಂಯ್ ಎನ್ನುತ್ತಿದೆ

ಮಂದ್ರಪ್ರಿಯ:
ನಮಸ್ಕಾರ. ಮನೆಯ ಒಂದು ಚಿಕ್ಕ ಕೋಣೆಯನ್ನು ಹಾಡು ಮುದ್ರಿಸಲೆಂದು ಇಟ್ಟುಕೊಂಡಿದ್ದೇನೆ. ಉದ್ದ 3.1 ಮೀಟರ್, ಅಗಲವೂ ಅಷ್ಟೇ, ಎತ್ತರ 2.8. ನಾಲ್ಕು ಗೋಡೆಗೂ 2.5 ಸೆಂಟಿಮೀಟರ್ ದಪ್ಪದ ಫೋಮ್ ಅಂಟಿಸಿದ್ದೇನೆ. ಈಗ ಗೋಡೆಯ ಬಣ್ಣ ಕಾಣುವುದು ಬಾಗಿಲಿನ ಮೇಲೆ ಗೇಣುದ್ದ ಮಾತ್ರ. ಚಪ್ಪಾಳೆ ತಟ್ಟಿದರೆ ಮೊದಲು ಕೇಳುತ್ತಿದ್ದ ಝಣಝಣ ಹೋಗಿದೆ. ಆದರೆ ಮಂದ್ರದಲ್ಲಿ ಒಂದು ಸ್ವರ ಮಾತ್ರ ಊದಿಕೊಂಡು ಗುಂಯ್ ಎನ್ನುತ್ತದೆ, ಅದರ ಅಕ್ಕಪಕ್ಕದ ಸ್ವರಗಳು ಸರಿಯಾಗಿವೆ. ಟ್ಯೂನರ್ ಆ ಸ್ವರವನ್ನು 110 ಹರ್ಟ್ಸ್ ಎಂದು ತೋರಿಸುತ್ತದೆ. ಜೊತೆಗೆ ಧ್ವನಿಯ ಹೊಳಪೇ ಸತ್ತು, ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಗೋಡೆಗಳಿಂದ ದೂರವಿರಲಿ ಎಂದು ಮೈಕನ್ನು ಕೋಣೆಯ ನಟ್ಟನಡುವೆ ಇಟ್ಟಿದ್ದೇನೆ. ಈಕ್ಯೂನಲ್ಲಿ (ಬೇಕಾದ ಸ್ವರವನ್ನಷ್ಟೇ ಏರಿಸುವ, ಇಳಿಸುವ ಸಾಧನ) 110 ಅನ್ನು ಇಳಿಸಿದರೆ ಉಳಿದ ಸಾಲುಗಳು ಸೊರಗುತ್ತವೆ. ಸೂರಿಗೂ ಫೋಮ್ ಅಂಟಿಸಲೇ?

ಹಳೆಯ ಮೈಕು:
ದಯವಿಟ್ಟು ಇನ್ನೊಂದು ತುಂಡನ್ನೂ ಅಂಟಿಸಬೇಡಿ. ಅಷ್ಟು ತೆಳುವಾದ ಫೋಮ್ ಚೆನ್ನಾಗಿ ಹೀರುವುದು ಸುಮಾರು 1000 ಹರ್ಟ್ಸ್‌ನಿಂದ ಮೇಲಿನ ಸದ್ದನ್ನು. ನಿಮ್ಮ ಧ್ವನಿಯ ಹೊಳಪು ಇರುವುದು ಅಲ್ಲಿಯೇ. ಅದನ್ನು ಫೋಮ್ ನುಂಗಿತು, ಗುಂಯ್ ಎನ್ನುವುದನ್ನು ಮುಟ್ಟಲಿಲ್ಲ. ಕೋಣೆಯನ್ನು ಒಂದೇ ಕಡೆಗೆ ವಾಲಿಸಿಬಿಟ್ಟಿದ್ದೀರಿ.

ಇನ್ನು ಆ 110. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಎಂದರೆ 6.2ರಿಂದ ಭಾಗಿಸಿದರೆ 55 ಬರುತ್ತದೆ. ಎದುರುಬದುರು ಗೋಡೆಗಳ ನಡುವೆ ನಿಂತುಬಿಡುವ ಮೊದಲ ಅಲೆ ಅದು. ಎರಡನೆಯದು ಅದರ ದುಪ್ಪಟ್ಟು, 110. ನಿಮ್ಮ ಉದ್ದ, ಅಗಲ ಎರಡೂ ಒಂದೇ ಆಗಿರುವುದರಿಂದ ಎರಡು ಜೋಡಿ ಗೋಡೆಗಳೂ ಅದೇ ಸ್ವರವನ್ನು ಎತ್ತಿ ಹಿಡಿಯುತ್ತಿವೆ. ಚೌಕಾಕಾರದ ಕೋಣೆಗಳ ಹಣೆಬರಹ ಇದು.

ಇದರ ಮೇಲೆ ನೀವು ಮೈಕನ್ನು ಇಟ್ಟ ಜಾಗ. ಈ ಎರಡನೆಯ ಅಲೆಯ ಒತ್ತಡ ಅತಿ ಹೆಚ್ಚು ಇರುವುದು ಗೋಡೆಯ ಬಳಿ ಮತ್ತು ಸರಿಯಾಗಿ ನಡುಮಧ್ಯದಲ್ಲಿ. ಒಳ್ಳೆಯದೆಂದು ಆರಿಸಿದ ಜಾಗವೇ ಆ ಸ್ವರಕ್ಕೆ ಸಿಂಹಾಸನವಾಗಿದೆ. ಅಲೆ ತಣ್ಣಗಿರುವುದು ಕಾಲುಭಾಗದಲ್ಲಿ, ಗೋಡೆಯಿಂದ ಸುಮಾರು 78 ಸೆಂಟಿಮೀಟರ್ ದೂರದಲ್ಲಿ.

ನಂಬುವ ಮೊದಲು ಕಿವಿಯಿಂದಲೇ ನೋಡಿ. ಒಂದು ಮೂಲೆಯಲ್ಲಿ ಸ್ಪೀಕರ್ ಇಟ್ಟು 110 ಹರ್ಟ್ಸ್‌ನ ಶುದ್ಧ ನಾದವನ್ನು ಮೆಲ್ಲಗೆ ನುಡಿಸಿ. ಮೊಬೈಲಿನ ಸ್ಪೀಕರ್ ಸಾಲದು, ಅದಕ್ಕೆ ಅಷ್ಟು ಕೆಳಗಿಳಿಯಲು ಆಗದು. ಒಂದು ಕಿವಿ ಮುಚ್ಚಿಕೊಂಡು ಕೋಣೆಯ ಮಧ್ಯದಿಂದ ಬೇರೊಂದು ಮೂಲೆಯ ಕಡೆಗೆ ಓರೆಯಾಗಿ ನಿಧಾನವಾಗಿ ನಡೆಯಿರಿ.

ಮಂದ್ರಪ್ರಿಯ:
ಈಗಷ್ಟೇ ಮಾಡಿ ನೋಡಿದೆ. ನಡುವೆ ನಿಂತರೆ ತಲೆಯೊಳಗೇ ಮೊಳಗುತ್ತದೆ. ಎರಡು ಹೆಜ್ಜೆ ಹಾಕಿದರೆ ಯಾರೋ ಸ್ಪೀಕರ್ ಆರಿಸಿದ ಹಾಗೆ ಮಾಯ! ತಲೆಯನ್ನು ಒಂದು ಗೇಣು ಆಚೆ ಸರಿಸಿದರೆ ಮತ್ತೆ ಬರುತ್ತದೆ. ಹಾಗಾದರೆ ಮೈಕ್ ಸರಿಸಿದರೆ ಸಾಕೇ?

ಗೂಡುಹಕ್ಕಿ:
ನಡುವೆ ಬಾಯಿ ಹಾಕುತ್ತಿದ್ದೇನೆ. ಮೊಟ್ಟೆ ಇಡುವ ಕಾಗದದ ಟ್ರೇಗಳು ಇದಕ್ಕೆ ಒಳ್ಳೆಯದೆಂದು ಎಷ್ಟೋ ಕಡೆ ಕೇಳಿದ್ದೇನೆ. ಪಕ್ಕದ ಮನೆಗೆ ಸದ್ದು ಹೋಗದಂತೆಯೂ ಅವು ತಡೆಯುತ್ತವಂತೆ.

ಹಳೆಯ ಮೈಕು:
ಗೂಡುಹಕ್ಕಿಯವರೇ, ಆ ಟ್ರೇಗಳು ಮೊಟ್ಟೆಗಷ್ಟೇ ಒಳ್ಳೆಯವು. ಮೇಲಿನ ಸ್ವರಗಳನ್ನು ಸ್ವಲ್ಪ ಚದುರಿಸಬಹುದು, ಕೆಳಗಿನವುಗಳಿಗೆ ಅವು ಇಲ್ಲವೇ ಇಲ್ಲ. ಬೆಂಕಿ ತಗುಲಿದರೆ ಹೊತ್ತಿಕೊಳ್ಳಲು ಮಾತ್ರ ಬಹಳ ಚುರುಕು. ಪಕ್ಕದ ಮನೆಗೆ ಸದ್ದು ಹೋಗದಂತೆ ಮಾಡುವುದು ಬೇರೆಯೇ ಕೆಲಸ: ಅದಕ್ಕೆ ಗೋಡೆಯ ತೂಕ ಬೇಕು, ಬಾಗಿಲು ಕಿಟಕಿಗಳ ಸಂದು ಮುಚ್ಚಬೇಕು. ಕೋಣೆಯೊಳಗಿನ ನಾದವನ್ನು ಸರಿಪಡಿಸುವ ಸಾಮಾನು ಸದ್ದು ಹೊರಹೋಗುವುದನ್ನು ನಿಲ್ಲಿಸುವುದಿಲ್ಲ.

ಮಂದ್ರಪ್ರಿಯರೇ, ಅರ್ಧ ಕೆಲಸ ಮೈಕ್ ಸರಿಸುವುದರಿಂದಲೇ ಆಗುತ್ತದೆ. ಎರಡು ಗೋಡೆಗಳಿಂದಲೂ ಸುಮಾರು 78 ಸೆಂಟಿಮೀಟರ್ ಇರುವ ಜಾಗ ಹಿಡಿಯಿರಿ. ಆ ಮೂಲೆಗೆ ಬೆನ್ನು ಹಾಕಿ, ಕೋಣೆಯ ಒಳಮುಖವಾಗಿ ನಿಂತು ಹಾಡಿ. ಬಾಯಿಯೂ ಮೈಕೂ ಅಲ್ಲೇ ಆಸುಪಾಸಿನಲ್ಲಿರಲಿ.

ಉಳಿದ ಅರ್ಧಕ್ಕೆ ದಪ್ಪ ಬೇಕು. ನಾರಿನಂಥ ವಸ್ತು ಸದ್ದನ್ನು ತಿನ್ನುವುದು ತನ್ನೊಳಗೆ ಗಾಳಿ ಆಡುವಾಗ, ಘರ್ಷಣೆಯಿಂದ. ಗೋಡೆಗೆ ತಗುಲಿದ ಜಾಗದಲ್ಲಿ ಗಾಳಿ ಆಡುವುದೇ ಇಲ್ಲ, ಬರೀ ಒತ್ತಡ. ಆದ್ದರಿಂದ ಅಂಥ ವಸ್ತುವಿನ ಹಲಗೆ ಮಾಡಿ, ಅದರ ಹಿಂದೆ ಖಾಲಿ ಜಾಗ ಬಿಟ್ಟಷ್ಟೂ ಲಾಭ. 10 ಸೆಂಟಿಮೀಟರ್ ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ತನ್ನಿ, ಘನ ಮೀಟರಿಗೆ 40ರಿಂದ 60 ಕಿಲೋ ಇರುವುದು ಸಾಕು. 60 ಸೆಂಟಿಮೀಟರ್ ಅಗಲದ ಮರದ ಚೌಕಟ್ಟುಗಳಲ್ಲಿ ಕೂರಿಸಿ, ನೆಲದಿಂದ ಸೂರಿನವರೆಗೆ ಮೂಲೆಗಳಿಗೆ ಅಡ್ಡಲಾಗಿ ನಿಲ್ಲಿಸಿ. ಹಾಗೆ ನಿಂತ ಹಲಗೆಯ ನಡುವಿನ ಹಿಂಬದಿಯಲ್ಲಿ 30 ಸೆಂಟಿಮೀಟರಿನಷ್ಟು ಜಾಗ ತಾನಾಗಿಯೇ ಸಿಗುತ್ತದೆ. ಬಟ್ಟೆ ಹೊದಿಸುವಾಗ ಅದಕ್ಕೆ ಬಾಯಿ ಇಟ್ಟು ಊದಿ ನೋಡಿ. ಉಸಿರು ಸಲೀಸಾಗಿ ದಾಟಿದರೆ ಆ ಬಟ್ಟೆ ಆಗುತ್ತದೆ. ಕತ್ತರಿಸುವಾಗ ಕೈಗವಸು, ಮುಖಗವಸು ಮರೆಯಬೇಡಿ. ನಾನು ಮೊದಲ ಸಲ ಬರಿಗೈಯಲ್ಲಿ ಮಾಡಿ ರಾತ್ರಿಯಿಡೀ ತುರಿಸಿಕೊಂಡಿದ್ದೇನೆ.

ಮೊದಲ ಹಲಗೆ ನಿಮ್ಮ ಬೆನ್ನ ಹಿಂದಿನ ಮೂಲೆಗೆ. ನಿಮ್ಮದು ಕಾರ್ಡಿಯಾಯ್ಡ್ ಮೈಕ್, ಎಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವಂಥದು, ಆಗಿದ್ದರೆ ಅದು ನೋಡುವುದು ನಿಮ್ಮನ್ನು ಮತ್ತು ನಿಮ್ಮ ಹಿಂದಿನದನ್ನು. ಮೈಕಿನ ಬೆನ್ನಿಗೆ ಫೋಮಿನ ಗುರಾಣಿ ಕಟ್ಟುವವರು ಬಹಳ, ಹಾಡುವವರ ಬೆನ್ನಿಗೆ ಏನಾದರೂ ಇಡುವವರು ಕಡಿಮೆ.

ಫೋಮನ್ನು ಅರ್ಧದಷ್ಟು ಕೀಳಿ. ಒಂದು ಕಡೆ ಬರಿ ಗೋಡೆ ಇದ್ದರೆ ಅದರ ಎದುರು ಫೋಮ್ ಇರುವಂತೆ ಹಂಚಿ. ಬರಿ ಗೋಡೆಗಳು ಮುಖಾಮುಖಿಯಾದರೆ ಆ ಝಣಝಣ ಮರಳಿ ಬರುತ್ತದೆ.

ಮಂದ್ರಪ್ರಿಯ (ಮೂರು ವಾರಗಳ ನಂತರ):
ನಾಲ್ಕು ಮೂಲೆಗೂ ಹಲಗೆ ನಿಂತಿವೆ. ಬಾಗಿಲಿನ ಪಕ್ಕದ್ದಕ್ಕೆ ಗಾಲಿ ಹಾಕಿದ್ದೇನೆ, ಇಲ್ಲವಾದರೆ ಒಳಗೆ ಹೋಗುವುದೇ ಕಷ್ಟ. ಫೋಮ್ ಕೀಳುವಾಗ ಬಣ್ಣವೂ ಜೊತೆಗೇ ಬಂತು, ಗೋಡೆಗೆ ಈಗ ಸಿಡುಬು ಎದ್ದಂತಿದೆ. ಇರಲಿ. ಕೋಣೆಯ ನಾದ ಅಳೆಯುವ ತಂತ್ರಾಂಶ ರೂಮ್ ಈಕ್ಯೂ ವಿಜರ್ಡ್‌ನಲ್ಲಿ ಅಳೆದೆ. ಹಳೆಯ ಜಾಗದಲ್ಲಿ, ಹಲಗೆಗಳಿಲ್ಲದಾಗ, 110ರ ದಿಬ್ಬ ಸುತ್ತಲಿನದಕ್ಕಿಂತ 13 ಡೆಸಿಬೆಲ್ ಮೇಲಿತ್ತು. ಹೊಸ ಜಾಗದಲ್ಲಿ ಈಗ 4. ಹೊಳಪೂ ಮರಳಿದೆ. ಆದರೆ 122ರ ಬಳಿ ಚಿಕ್ಕದೊಂದು ದಿಬ್ಬ ಉಳಿದಿದೆ. ಅಳೆಯುವ ನಾದ ಮೇಲೇರುತ್ತ 180ರ ಸುಮಾರಿಗೆ ಬಂದಾಗ ಜೀರುಂಡೆಯಂತೆ ಏನೋ ಜೀರ್ ಎನ್ನುತ್ತದೆ.

ಹಳೆಯ ಮೈಕು:
122 ನಿಮ್ಮ ಸೂರು, ನೆಲ ಮತ್ತು ಸೂರಿನ ನಡುವಿನ ಎರಡನೆಯ ಅಲೆ. 343 ಅನ್ನು 2.8ರಿಂದ ಭಾಗಿಸಿ ನೋಡಿ. ನೀವು ನಿಂತು ಹಾಡುವಾಗ ಬಾಯಿ ನೆಲ ಮತ್ತು ಸೂರಿನ ನಡುಮಧ್ಯದ ಹತ್ತಿರವೇ ಇರುತ್ತದೆ, ಹಳೆಯ ಕಥೆಯೇ ಉದ್ದುದ್ದ ನಿಂತಿದೆ. ತಲೆಯ ಮೇಲೆ ಅದೇ ದಪ್ಪದ ಎರಡು ಹಲಗೆಗಳನ್ನು ಸೂರಿನಿಂದ 10 ಸೆಂಟಿಮೀಟರ್ ಇಳಿಸಿ ತೂಗುಹಾಕಿ. ಕೊಕ್ಕೆಗಳು ಗಟ್ಟಿಯಾಗಿರಲಿ, ಕೆಳಗೆ ನಿಲ್ಲುವವರು ನೀವೇ.

ಜೀರುಂಡೆ ಕೋಣೆಯ ಅಲೆಯದಲ್ಲ, ಯಾವುದೋ ಸಡಿಲ ವಸ್ತು. ನಾದವನ್ನು 180ರಲ್ಲೇ ನಿಲ್ಲಿಸಿ ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡಿ.

ಮಂದ್ರಪ್ರಿಯ:
ಕಿಟಕಿಯ ಕೆಳಗಿನ ಗಾಜು. ಕಾಗದ ಮಡಚಿ ಸಂದಿಗೆ ತುರುಕಿದೆ, ನಿಂತಿತು. ಭಾನುವಾರ ಸೂರಿನ ಕೆಲಸ.