ಟೈಗರ್ ಮಾತ್ ರೆಕ್ಕೆ ಹಿಂದಕ್ಕೆ ವಾಲಿದ್ದೇಕೆ?

ಪ್ರಶ್ನೆ: ಸರ್, ವಾಯುಪಡೆ ದಿನದ 2012ರ ವಿಡಿಯೊದಲ್ಲಿ ಮೇಲೊಂದು ಕೆಳಗೊಂದು ಜೋಡಿ ರೆಕ್ಕೆಯ ಟೈಗರ್ ಮಾತ್ ಹಾರೋದು ನೋಡಿದೆ. ಜೆಟ್ ವಿಮಾನದ ಹಾಗೆ ಅದರ ರೆಕ್ಕೆನೂ ಹಿಂದಕ್ಕೆ ವಾಲಿದೆ. ಗಂಟೆಗೆ ನೂರು ಮೈಲಿ ಆಸುಪಾಸು ಹೋಗೋ ವಿಮಾನಕ್ಕೆ ಅದ್ಯಾಕೆ?

ಉತ್ತರ: ವೇಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇದು ಪೈಲಟ್‌ಗಳಿಗೆ ಹಾರಾಟ ಕಲಿಸುವ ವಿಮಾನ. ಅಪಾಯ ಬಂದರೆ ಕಲಿಸುವ ಮೇಷ್ಟ್ರು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಲಿ ಅಂತ ಮಾಡಿದ್ದು!

ಇದರ ತಾಯಿಬೇರು 1925ರ ಡಿಎಚ್-60 ಮಾತ್. ಅದರಲ್ಲಿ ಮುಂದಿನ ಸೀಟು ಮೇಲಿನ ರೆಕ್ಕೆಯ ಅಡಿಗೇ ಬರುತ್ತಿತ್ತು. ತಲೆಯ ಮೇಲೆ ಪೆಟ್ರೋಲ್ ಟ್ಯಾಂಕ್, ಸುತ್ತ ರೆಕ್ಕೆ ಹೊತ್ತ ಕಂಬಗಳು. ತರಬೇತಿಯಲ್ಲಿ ಅಲ್ಲಿ ಕೂರುವವರು ಶಿಕ್ಷಕರು, ಶಿಷ್ಯ ಹಿಂದೆ. ಪ್ಯಾರಾಚೂಟ್ ಗಂಟಿನ ಸಮೇತ ಆ ಕಂಬಗಳ ನಡುವೆ ನುಸುಳುವುದನ್ನು ನೀವೇ ಊಹಿಸಿಕೊಳ್ಳಿ. ಬ್ರಿಟಿಷ್ ವಾಯುಪಡೆಗೆ ಇದು ಒಪ್ಪಿಗೆಯಾಗಲಿಲ್ಲ.

ಇದನ್ನು ತಯಾರಿಸುತ್ತಿದ್ದ ಡಿ ಹ್ಯಾವಿಲೆಂಡ್ ಕಂಪನಿಯವರು ಮೇಲಿನ ರೆಕ್ಕೆಯ ನಡುಭಾಗವನ್ನು ಟ್ಯಾಂಕ್ ಸಮೇತ ಮುಂದಕ್ಕೆ ಸರಿಸಿದರು. ಎತ್ತುವ ಬಲವೂ ಮುಂದೆ ಹೋಗಿ ತೂಕದ ಲೆಕ್ಕ ತಪ್ಪಿತು. ಅದನ್ನು ಸರಿದೂಗಿಸಲು ರೆಕ್ಕೆಯ ತುದಿಗಳನ್ನು ಹಿಂದಕ್ಕೆ ವಾಲಿಸಿದರು. ಬಾಲ ನೆಲಕ್ಕೂರಿ ನಿಲ್ಲುವ ವಿಮಾನ ನೋಡಿ, ಹಿಂದೆ ಹೋದದ್ದು ಕೆಳಕ್ಕೂ ಇಳಿಯುತ್ತದೆ. ಕೆಳರೆಕ್ಕೆಯ ತುದಿ ನೆಲಕ್ಕೆ ತಾಗುವ ಭಯ. ಸರಿ, ಅದನ್ನೂ ಮೇಲಕ್ಕೆತ್ತಿದರು. ಒಂದನ್ನು ತಿದ್ದಿದರೆ ಇನ್ನೊಂದು ಕೆಡುವುದು ನಮ್ಮ ರಿಪೇರಿ ಶೆಡ್ಡಿನಲ್ಲೂ ದಿನಾ ನೋಡಿದ್ದೇ! 1931ರ ಅಕ್ಟೋಬರ್ 26ರಂದು ಹ್ಯೂಬರ್ಟ್ ಬ್ರಾಡ್ ಇದನ್ನು ಮೊದಲ ಸಲ ಹಾರಿಸಿದರು. ಮುಂದೆ ಎಂಟು ಸಾವಿರಕ್ಕೂ ಹೆಚ್ಚು ತಯಾರಾದವು.

ಮರುಪ್ರಶ್ನೆ: ಎಂಜಿನ್ ತಲೆಕೆಳಗಾಗಿ ಕೂರಿಸಿದ್ದಾರಂತೆ, ಹೌದಾ ಸರ್?

ಉತ್ತರ: ಹೌದು. ನಾಲ್ಕೂ ಸಿಲಿಂಡರ್ ಕೆಳಮುಖ. ಮೂತಿ ತಗ್ಗುವುದರಿಂದ ಪೈಲಟ್‌ಗೆ ಮುಂದಿನದು ಚೆನ್ನಾಗಿ ಕಾಣುತ್ತದೆ. ಮೊದಲು 120 ಅಶ್ವಶಕ್ತಿಯ ಜಿಪ್ಸಿ 3, ಆಮೇಲೆ 130ರ ಜಿಪ್ಸಿ ಮೇಜರ್. ಆಯಿಲ್ ತೊಟ್ಟಿಕ್ಕುತ್ತದೆ, ಅದಕ್ಕೇ ನಿಂತ ವಿಮಾನದ ಮೂತಿಯಡಿ ಟ್ರೇ ಇಡುವುದು. ಸ್ಟಾರ್ಟರ್ ಇಲ್ಲ, ಒಬ್ಬರು ಕೈಯಲ್ಲೇ ಪ್ರೊಪೆಲ್ಲರ್ ತಿರುವಬೇಕು. ಬ್ರೇಕೂ ಇಲ್ಲ.

ಮರುಪ್ರಶ್ನೆ: ಅಷ್ಟು ಗಾಳಿ, ಸದ್ದಿನಲ್ಲಿ ಪಾಠ ಹೇಗೆ?

ಉತ್ತರ: ಮುಂದಿನ ಸೀಟಿನಿಂದ ಹಿಂದಕ್ಕೊಂದು ಕೊಳವೆ. ಮೇಷ್ಟ್ರು ಅದರ ಬಾಯಿಗೆ ಕೂಗಿದರೆ ಶಿಷ್ಯನ ಕಿವಿಗೆ ಬರುತ್ತದೆ, ಡಾಕ್ಟರ ಸ್ಟೆತಾಸ್ಕೋಪಿನ ಹಾಗೆ. ಗಾಸ್ಪೋರ್ಟ್ ಟ್ಯೂಬ್ ಅಂತಾರೆ.

ಮರುಪ್ರಶ್ನೆ: ನಮ್ಮಲ್ಲಿ ಇದರ ಜಾಗಕ್ಕೆ ಬಂದದ್ದು ಯಾವುದು?

ಉತ್ತರ: ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆಯವರು ವಿನ್ಯಾಸ ಮಾಡಿದ ಎಚ್‌ಟಿ-2. 1951ರಲ್ಲಿ ಮೊದಲು ಹಾರಿತು. ಅದಕ್ಕೆ ಒಂದೇ ಜೊತೆ ರೆಕ್ಕೆ, ಅದೂ ಸೀಟಿನ ಕೆಳಗೆ. ಮೇಷ್ಟ್ರ ತಲೆ ಮೇಲೆ ಟ್ಯಾಂಕ್ ಬರುವ ಪ್ರಶ್ನೆಯೇ ಇಲ್ಲ.