ಅಡಾಪ್ಟಿವ್ ಪ್ರಿಫೆಚಿಂಗ್‌ಗೆ ಕನ್ನಡದಲ್ಲಿ ಏನನ್ಬೋದು?

ಎಲ್ರಿಗೂ ನಮಸ್ಕಾರ,

ಕಂಪ್ಯೂಟರ್ ಮೆಮೊರಿ ಬಗ್ಗೆ ಒಂದು ಲೇಖನ ಬರೀತಿದೀನಿ, ಈ ಪದದ ಹತ್ರ ಬಂದು ಗಾಡಿ ನಿಂತಿದೆ.

ಗೊತ್ತಿಲ್ದೋರಿಗೆ ವಿಷ್ಯ ಇಷ್ಟು. ಬೇಕಾದ ಡೇಟಾ ಎಲ್1 ಕ್ಯಾಶಲ್ಲೇ (ಪ್ರೊಸೆಸರ್ ಒಳಗೇ ಇರೋ ಪುಟ್ಟ, ವೇಗದ ಮೆಮೊರಿ) ಇದ್ರೆ ಪ್ರೊಸೆಸರ್‌ಗೆ ತನ್ನ ಗಡಿಯಾರದ ನಾಲ್ಕೈದು ಮಿಡಿತದಲ್ಲಿ, ಅಂದ್ರೆ ಸೈಕಲ್‌ನಲ್ಲಿ ಸಿಗುತ್ತೆ, ರ್‍ಯಾಮ್ ತನಕ ಹೋಗ್ಬೇಕಾದ್ರೆ ನೂರಾರು ಸೈಕಲ್ ಸುಮ್ನೆ ಕಾಯ್ಬೇಕು, ಅದಕ್ಕೇ ಮುಂದೆ ಯಾವ್ದು ಕೇಳ್ಬೋದು ಅಂತ ಊಹಿಸಿ ಕೇಳೋಕೆ ಮುಂಚೆನೇ ತಂದಿಡೋ ಸರ್ಕ್ಯೂಟ್ (ಪ್ರಿಫೆಚರ್) ಒಳಗೇ ಇರುತ್ತೆ, ಆ ಕೆಲ್ಸಕ್ಕೇ ಪ್ರಿಫೆಚಿಂಗ್ ಅನ್ನೋದು. ವಿಳಾಸ 1000, 1064, 1128 ಅಂತ ಹೋಗ್ತಿದ್ರೆ ಮುಂದಿಂದು 1192 ಅಂತ ಹಿಡಿಯೋದು ಸುಲಭ. ಲಿಂಕ್ಡ್ ಲಿಸ್ಟ್ ಆದ್ರೆ ಕಷ್ಟ, ಅದ್ರಲ್ಲಿ ಮುಂದಿನ ತುಣುಕು ಎಲ್ಲಿದೆ ಅನ್ನೋದು ಈಗಿನ ತುಣುಕಿನೊಳಗೇ ಬರೆದಿರುತ್ತೆ.

ಪ್ರಿಫೆಚ್‌ಗೆ 'ಪೂರ್ವಾನಯನ' ಅಂದ್ರೆ ಉಪನಯನದ ಅಣ್ಣ ಇದ್ದಂಗಿದೆ, ಬೇಡ. 'ಮುಂಗಡ ತರಿಕೆ' ನಂಗೆ ಒಪ್ಗೆ, ಮುಂಗಡ ಅಂದ್ರೆ ದುಡ್ಡೇ ನೆನಪಾಗುತ್ತೆ ನಿಜ, ಆದ್ರೆ ಕೊಟ್ಟ ಮುಂಗಡ ಎಷ್ಟೋ ಸಲ ದಂಡ ಆಗೋದೂ ಉಂಟಲ್ಲ, ಇಲ್ಲೂ ಹಂಗೇ.

ತಲೆನೋವು ಇರೋದು 'ಅಡಾಪ್ಟಿವ್'ದು. 'ಹೊಂದಾಣಿಕೆಯ' ಅಂದ್ರೆ ಗಂಡ ಹೆಂಡ್ತಿ ವಿಷ್ಯ ಆಗೋಗುತ್ತೆ, 'ಒಗ್ಗಿಕೊಳ್ಳುವ' ಅಂದ್ರೆ ಊರಿನ ನೀರು ಒಗ್ಗಿದಂಗೆ, ಒಂದ್ಸಲ ಒಗ್ಗಿದ್ರೆ ಮುಗೀತು. ಇಲ್ಲಿ ಹಂಗಲ್ಲ. 2007ರಲ್ಲಿ ಶ್ರೀನಾಥ್, ಮುತ್ಲು, ಕಿಮ್, ಪ್ಯಾಟ್ ಸೇರಿ ಬರೆದ ಪೇಪರ್‌ನಲ್ಲಿ ಪ್ರಿಫೆಚರ್ ತನ್ನ ಕೆಲ್ಸನ ತಾನೇ ಅಳೀತಾ ಇರುತ್ತೆ: ತಂದಿದ್ರಲ್ಲಿ ಎಷ್ಟು ಬಳಕೆಗೆ ಬಂತು, ಎಷ್ಟು ತಡವಾಗಿ ಬಂತು, ಎಷ್ಟು ಸಲ ಬೇಕಾಗಿದ್ದನ್ನ ಕ್ಯಾಶಿಂದ ಆಚೆ ತಳ್ತು ಅಂತ. ಅದನ್ನ ನೋಡ್ಕೊಂಡು ಕೇವಲ 4 ಲೈನ್ (ಕ್ಯಾಶಿಗೆ ಒಂದ್ಸಲಕ್ಕೆ ತರೋ ಡೇಟಾ ತುಂಡು) ಮುಂದಕ್ಕೆ ಓಡೋದ್ರಿಂದ 64 ಲೈನ್ ಮುಂದಕ್ಕೆ ಓಡೋವರೆಗೆ ಐದು ಹಂತದಲ್ಲಿ ಏರಿಳಿಯುತ್ತೆ. ಹಂಗಾಗಿ 'ತನ್ನ ತಾನೇ ತಿದ್ದಿಕೊಳ್ಳುವ ಮುಂಗಡ ತರಿಕೆ' ಅಂತ ಬರೆದಿದೀನಿ, ಅರ್ಥ ಸರಿ, ಆದ್ರೆ ಹೆಡ್ಡಿಂಗಲ್ಲಿ ಹಿಡಿಸಲ್ಲ. 'ಹದವರಿತ ತರಿಕೆ' ನಡೆಯುತ್ತಾ? ಊಹೆ ಅನ್ನೋ ಅರ್ಥ ಬಿಟ್ಟೋಗುತ್ತೆ ಅಂತ ಅನುಮಾನ.

ಇನ್ನೊಂದು, ಬೇಡದ ಲೈನ್ ಬಂದು ಬೇಕಾದ್ದನ್ನ ಎಬ್ಬಿಸಿ ಕೂರೋದಕ್ಕೆ ಇಂಗ್ಲಿಷಲ್ಲಿ ಪೊಲ್ಯೂಷನ್ ಅಂತಾರೆ. 'ಮಾಲಿನ್ಯ' ಅಂದ್ರೆ ಡೇಟಾನೇ ಕೆಟ್ಟೋಯ್ತು ಅನ್ಸುತ್ತೆ, ಕೆಟ್ಟಿರೋದಿಲ್ಲ, ಜಾಗ ಹೋಗಿರುತ್ತೆ ಅಷ್ಟೆ. ನಮ್ಮ ಕಂದಾಯ ಇಲಾಖೆಯ 'ಒತ್ತುವರಿ' ಇದಕ್ಕೆ ಸರಿಯಾಗಿ ಕೂರುತ್ತೆ, 'ಕ್ಯಾಶ್ ಒತ್ತುವರಿ'. ನಗ್ಬೇಡಿ, ಸೀರಿಯಸ್ಸಾಗೇ ಕೇಳ್ತಿದೀನಿ.

ಕ್ರಿಯಾಪದ 'ಮುಂತರು' ಅಂತ ಮಾಡಿದ್ರೆ 'ಮುಂತಂದ', 'ಮುಂತರುವ' ಅಂತೆಲ್ಲ ಓದೋಕೆ ತೊಡಕಾಗುತ್ತಾ? ವ್ಯಾಕರಣ ಬಲ್ಲೋರು ಹೇಳಿ.