ಮಣ್ಣಿನ ಮಾಳಿಗಿಗೆ ರೀಫ್ ಲೈಟ್ ತೂಗುಹಾಕೋದು ಹೆಂಗ್ರಿ?

ಪ್ರಶ್ನೆ (ರಾಯಚೂರು): ಸರ್, ನಮ್ಮದು ಹಳೇ ಮನಿ. ಮಣ್ಣಿನ ಮಾಳಿಗಿ, ಕಟ್ಟಿಗಿ ಜಂತಿ ಅದಾವ. ರೀಫ್ ಟ್ಯಾಂಕ್ (ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ) 3 ಫುಟ್ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಫುಟ್. ಎರಡು ಎಲ್‌ಇಡಿ ಲೈಟ್ ಸ್ಟ್ಯಾಂಡಿನ ಮ್ಯಾಲ, ನೀರಿಗೆ ನಾಕೇ ಇಂಚ್ ಎತ್ತರದಾಗ ಇಟ್ಟೀನಿ. ನಡುವಿನ ಮಶ್ರೂಮ್ ಕೋರಲ್ (ಅಣಬಿಯಂಗಿರೋ ಹವಳ) ಮುದುಡಿ ಬೆಳ್ಳಗಾಗ್ಲಿಕತ್ತಾವ, ಮೂಲ್ಯಾಗಿನ ಜೋವಾಂತಿಡ್ (ಗುಂಪಾಗಿ ಬೆಳಿಯೋ ಮೆತ್ತನ್ನ ಹವಳ) ಕುತ್ತಿಗಿ ಉದ್ದ ಮಾಡಿ ನಿಂತಾವ. ಲೈಟ್ ಸಾಲವಲ್ದೇನ್ರಿ? ಮಾಳಿಗಿಗೆ ತೂಗುಹಾಕಬೋದಾ?

ಉತ್ತರ: ಲೈಟ್ ಕಮ್ಮಿ ಅಲ್ರಿ, ಕೆಳಗಾಗಿದೆ. ನಾಲ್ಕು ಇಂಚಿನಲ್ಲಿ ಬೆಳಕು ಹರಡೋಕೆ ಜಾಗವೇ ಇಲ್ಲ. ಲೆನ್ಸಿನ ನೇರ ಕೆಳಗೆ ಸುಡುತ್ತೆ, ಮೂಲೆಗೆ ಮುಟ್ಟಲ್ಲ. ಮಶ್ರೂಮಿಗೆ 50ರ ಆಸುಪಾಸಿನ ಪಾರ್ (ಹವಳಕ್ಕೆ ಉಪಯೋಗಕ್ಕೆ ಬರುವ ಬೆಳಕಿನ ಅಳತೆ) ಸಾಕು, ಜೋವಾಂತಿಡ್‌ಗೆ 80ರಿಂದ 150 ಇರಲಿ. ಮೊಬೈಲಿನ ಲಕ್ಸ್ ಆ್ಯಪ್ ನಂಬಬೇಡಿ, ನೀಲಿ ಬೆಳಕನ್ನು ಅದು ಕಡಿಮೆ ತೋರಿಸುತ್ತೆ.

ನೀರಿನಿಂದ 9–10 ಇಂಚು ಮೇಲೆ ಎತ್ತಿ. ಎಡಬಲ ಗಾಜಿನಿಂದ ಲೈಟಿನ ನಡುಮಧ್ಯಕ್ಕೆ 9 ಇಂಚು, ಎರಡರ ನಡುವೆ 18. ಮುಂದಿನ ಗಾಜಿನಿಂದ 8 ಇಂಚು, ಅಂದರೆ ಅರ್ಧಕ್ಕಿಂತ ಒಂದಿಂಚು ಮುಂದೆ. ಆಗ ನೆರಳು ಕಲ್ಲಿನ ಹಿಂದೆ ಬೀಳುತ್ತೆ, ನೀವು ನೋಡುವ ಬದಿ ಬೆಳಗುತ್ತೆ. ಮೇಲೆ ಗಾಜಿನ ಅಡ್ಡಪಟ್ಟಿ ಇದ್ದರೆ ಅದರ ನೇರಕ್ಕೆ ಲೈಟ್ ಬೇಡ. ಉಪ್ಪು ಕಟ್ಟಿದ ಪಟ್ಟಿ ಬೆಳಕು ತಿನ್ನುತ್ತೆ. ಬೆಳ್ಳಗಾದ ಮಶ್ರೂಮನ್ನು ಇವತ್ತೇ ತಳದ ನೆರಳಿಗೆ ಇಳಿಸಿ. ಲೈಟ್ 30 ಪರ್ಸೆಂಟಿಗೆ ತಂದು ವಾರಕ್ಕೆ 5ರಂತೆ ಏರಿಸಿ.

ಇನ್ನು ತೂಗುಹಾಕೋದು. ಭಾರ ಜಂತಿಯ ಮೇಲೇ ಬೀಳಬೇಕು, ನಡುವಿನ ಹಲಗೆ ಮಣ್ಣಿನ ಮೇಲಲ್ಲ. ಮೊದಲು ಸುತ್ತಿಗೆಯಿಂದ ಬಡಿದು ನೋಡಿ. ಡೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿರುತ್ತೆ, ಆ ಜಂತಿ ಬಿಡಿ. ಜಂತಿ ಟ್ಯಾಂಕಿನ ನೇರಕ್ಕೆ ಸಿಗೋದು ಅಪರೂಪ. ಎರಡು ಜಂತಿಗೆ ಅಡ್ಡಲಾಗಿ ಒಂದಿಂಚಿನ ಅಲ್ಯೂಮಿನಿಯಂ ಚೌಕ ಪೈಪ್, 4 ಫುಟ್, ಬಿಗಿದು ಅದರಿಂದ ತಂತಿ ಇಳಿಸಿ. ಲೈಟಿಗೆ ಎರಡೆರಡು ಸ್ಟೇನ್‌ಲೆಸ್ ತಂತಿಹಗ್ಗ ಸಾಕು. ಹಿತ್ತಾಳೆ ಕೊಕ್ಕೆ, ತಾಮ್ರದ ತಂತಿ ಬೇಡವೇ ಬೇಡ, ಉಪ್ಪುಗಾಳಿಗೆ ಕರಗಿ ನೀರಿಗೆ ಬಿದ್ದರೆ ಕೋರಲ್, ಸೀಗಡಿಗೆ ವಿಷ. ಲೈಟ್ ಹಾಕುವ ಮುಂಚೆ ಅದೇ ಜಂತಿಗೆ, ಟ್ಯಾಂಕಿನಿಂದ ದೂರಕ್ಕೆ, 20 ಲೀಟರಿನ ತುಂಬಿದ ನೀರಿನ ಕ್ಯಾನ್ ಒಂದು ರಾತ್ರಿ ತೂಗುಹಾಕಿ. ಕೊಕ್ಕೆ ಕೂದಲೆಳೆಯಷ್ಟು ಜಾರಿದರೂ ಜಾಗ ಬದಲಿಸಿ. ಕೆಲಸ ಮಾಡುವಾಗ ಮಾಳಿಗೆಯ ಮಣ್ಣು ಉದುರುತ್ತೆ, ಟ್ಯಾಂಕಿನ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ.

ಪ್ರಶ್ನೆ (ಗಂಗಾವತಿ): ನಮ್ದು ಆರ್‌ಸಿಸಿ ಮನಿ ಐತ್ರಿ. ಪ್ಲಾಸ್ಟಿಕ್ ಗಟ್ಟ (ಸ್ಕ್ರೂ ಹಿಡಿಯೋ ಪ್ಲಗ್) ಹಾಕಿದ್ರೆ ನಡಿತೈತಾ?

ಉತ್ತರ: ಗೋಡೆಗೆ ನಡೆಯುತ್ತೆ, ಸ್ಲ್ಯಾಬಿಗೆ ಬೇಡ. ನೇರ ಕೆಳಕ್ಕೆ ಜಗ್ಗುವ ಭಾರಕ್ಕೆ ಗಟ್ಟ ಮೆಲ್ಲಗೆ ಜಾರುತ್ತೆ. 8 ಎಂಎಂ ಕಬ್ಬಿಣದ ಆ್ಯಂಕರ್ ಬೋಲ್ಟ್ ಹಾಕಿ. ಫ್ಯಾನ್ ಹುಕ್ಕಿನಿಂದ ಸ್ವಿಚ್‌ಬೋರ್ಡಿನ ಕಡೆಗೆ ಹೋಗುವ ಗೆರೆಯಲ್ಲಿ ಡ್ರಿಲ್ ಮಾಡಬೇಡಿ, ಒಳಗೆ ವೈರಿನ ಪೈಪ್ ಇರುತ್ತೆ. ಡ್ರಿಲ್ ಸರಳಿಗೆ ತಾಗಿದರೆ ಎರಡಿಂಚು ಸರಿಸಿ. ಟ್ಯಾಂಕ್ ಪೂರ್ತಿ ಮುಚ್ಚಿಟ್ಟೇ ಕೆಲಸ ಮಾಡಿ, ಸಿಮೆಂಟ್ ಪುಡಿ ಬಿದ್ದರೆ ಪಿಎಚ್ ಏರುತ್ತೆ.

ಪ್ರಶ್ನೆ (ಬಳ್ಳಾರಿ): ಬ್ಯಾಸಿಗ್ಯಾಗ ನೀರು 31 ಡಿಗ್ರಿ ದಾಟ್ತೈತ್ರಿ. ಲೈಟಿನಿಂದಾನ? ಮತ್ತ ಎಸ್‌ಪಿಎಸ್ (ಸಣ್ಣ ಪಾಲಿಪ್‌ನ ಗಟ್ಟಿ ಹವಳ) ಇಡಬೋದಾ?

ಉತ್ತರ: ಮುಖ್ಯ ಕಾರಣ ಕೋಣೆಯ ಬಿಸಿ. ಲೈಟ್ ಮೇಲೆತ್ತಿದರೆ ಸ್ವಲ್ಪ ಕಮ್ಮಿಯಾಗುತ್ತೆ. ಅಷ್ಟೇ ಮುಖ್ಯ, ನೀರಿನ ಮೇಲೆ ಗಾಳಿ ಬೀಸುವ ಫ್ಯಾನಿಗೆ ಜಾಗ ಸಿಗುತ್ತೆ. ಅದು 2–3 ಡಿಗ್ರಿ ಇಳಿಸಬಲ್ಲದು. ಆವಿಯಾದಷ್ಟು ಆರ್‌ಒ ನೀರು ಸೇರಿಸಿ, ಉಪ್ಪುನೀರಲ್ಲ. ಲೈಟ್ ಹೊತ್ತನ್ನು ಸಂಜೆ 4ರಿಂದ ರಾತ್ರಿ 12ಕ್ಕೆ ತಳ್ಳಿ. ಸಂಡೂರು ಕಡೆಯ ಕೆಂಧೂಳು ಲೆನ್ಸಿಗೆ ಕೂತರೆ ಉಪ್ಪಿನ ಜೊತೆ ಗಟ್ಟಿಯಾಗುತ್ತೆ, ವಾರಕ್ಕೊಮ್ಮೆ ಲೈಟ್ ಆರಿಸಿ ತಣಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ.

ಎಸ್‌ಪಿಎಸ್‌ಗೆ 200ರಿಂದ 350 ಪಾರ್ ಬೇಕು. ಆದರೆ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಸಮುದ್ರದಿಂದ ಕಿತ್ತದ್ದನ್ನು ಕೊಳ್ಳೋದೇ ಅಪರಾಧ. 31 ಡಿಗ್ರಿ ದಾಟುವ ನೀರಿನಲ್ಲಿ ಅದು ಬಾಳೋದೂ ಕಷ್ಟ ಬಿಡಿ.

ಕೊನೆಗೆ ಮೂವರಿಗೂ: ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರಲಿ, ಹನಿ ಅಲ್ಲೇ ಕೆಳಗೆ ಬೀಳುತ್ತೆ. ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಕರೆಂಟ್ ಹೋಗಿಬಂದಾಗ ಹೊತ್ತು ಮರೆಯದ, ಒಳಗೆ ಬ್ಯಾಟರಿ ಇರುವ ಟೈಮರ್ ಕೊಳ್ಳಿ.